ದೆವ್ವದ ಮನೆಯಲ್ಲಿ ಪ್ರೇಮಕಥೆ: ಕನ್ನಡ ಓದುಗರನ್ನು ಬಿಡದ ಅಲೌಕಿಕ ರಹಸ್ಯ ಕಾದಂಬರಿಗಳು

ಮನ್ನಾಏಖೇಳ್ಳಿ: ಹೈದರಾಬಾದಿನಿಂದ ಸೋಲಾಪುರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಹುಮನಾಬಾದಿಗೆ ಮುನ್ನ ಸಿಗುವ ಊರು ಮನ್ನಾಏಖೇಳ್ಳಿ. ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಬಸವಕಲ್ಯಾಣದಾಚೆ ಮಹಾರಾಷ್ಟ್ರ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಬೀದರ್ ಜಿಲ್ಲೆಯ ಈ ಸೀಮೆಯಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಸಂತೆಯಲ್ಲಿ ಕೇಳುತ್ತವೆ. ಕಥೆಗಳು ಭಾಷೆಯ ಗಡಿ ದಾಟುವುದು ಇಲ್ಲಿ ಹೊಸತೇನಲ್ಲ. ತೆಲುಗಿನವರು ‘ನವಲ’ ಎನ್ನುವುದನ್ನು ಕನ್ನಡಿಗರೂ ಮರಾಠಿಗರೂ ಒಂದೇ ಮಾತಿನಲ್ಲಿ ‘ಕಾದಂಬರಿ’ ಎನ್ನುತ್ತಾರೆ.

ಈ ‘ಕಾದಂಬರಿ’ ಎಂಬ ಹೆಸರೇ ಒಂದು ಅಲೌಕಿಕ ಪ್ರೇಮಕಥೆಯಿಂದ ಬಂದದ್ದು. ಏಳನೇ ಶತಮಾನದ ಬಾಣಭಟ್ಟ ಸಂಸ್ಕೃತದಲ್ಲಿ ಆರಂಭಿಸಿ ಅವನ ಮಗ ಪೂರ್ತಿಗೊಳಿಸಿದ ಆ ಕೃತಿಯಲ್ಲಿ ಶಾಪವಿದೆ, ಪುನರ್ಜನ್ಮವಿದೆ, ಕೊಳೆಯದೆ ಉಳಿಯುವ ಪ್ರಿಯಕರನ ದೇಹವಿದೆ, ಅದನ್ನು ಕಾದು ಕುಳಿತ ಪ್ರೇಯಸಿ ಇದ್ದಾಳೆ, ಹಿಂದಿನ ಜನ್ಮದ ಗುಟ್ಟನ್ನು ಬಿಚ್ಚಿಡುವ ಗಿಳಿ ಇದೆ. ಹತ್ತನೇ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮ ಅದನ್ನು ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದ. ಪ್ರೇಮ, ಭಯ, ರಹಸ್ಯ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುವ ಬಗೆಯ ಕೃತಿಗಳು ಇಂದಿಗೂ ಬಿಸಿ ಆರದೆ ಓದಿಸಿಕೊಳ್ಳುತ್ತಿರುವುದನ್ನು ಕಂಡು ಅಚ್ಚರಿಪಡುವವರು ಈ ಹಳೆಯ ನಂಟನ್ನು ನೆನಪಿಸಿಕೊಳ್ಳಬೇಕು.

ಆದರೆ ಕಲ್ಯಾಣ ಕರ್ನಾಟಕದ ಈ ಭಾಗದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವೂ ಇದೆ. ಕಾದಂಬರಿಯಲ್ಲಿ ರೋಮಾಂಚನ ತರುವ ಮಾಟ ಇಲ್ಲಿ ‘ಬಾನಾಮತಿ’ ಎಂಬ ಹೆಸರಿನಲ್ಲಿ ಮನೆಗಳನ್ನು ಒಡೆದಿದೆ, ಹೆಣ್ಣುಮಕ್ಕಳ ಬದುಕನ್ನು ಕೆಡಿಸಿದೆ. ಹೀಗಿರುವಾಗ ಇಂತಹ ಕೃತಿಗಳು ಓದುಗರನ್ನು, ಅದರಲ್ಲೂ ಗೃಹಿಣಿಯರನ್ನೂ ಕಾಲೇಜು ತರುಣಿಯರನ್ನೂ ಯಾಕೆ ಸೆಳೆಯುತ್ತವೆ? ಅವುಗಳಿಂದ ಮೌಢ್ಯ ಬೆಳೆಯುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕನ್ನಡದಲ್ಲಿ ಈ ಪ್ರಕಾರ ನಡೆದುಬಂದ ದಾರಿಯನ್ನು ಗಮನಿಸುವುದು ಅಗತ್ಯ.

ಏನಿದು ಪ್ರಕಾರ?

ಅಲೌಕಿಕ ಪ್ರೇಮ-ರಹಸ್ಯ ಕಾದಂಬರಿ ಎಂದರೆ ಮೂರು ಎಳೆಗಳ ಹೆಣಿಗೆ. ಮೊದಲನೆಯದು ಪ್ರೇಮ ಅಥವಾ ದಾಂಪತ್ಯ. ಎರಡನೆಯದು ಜೀವಕ್ಕೋ ಮಾನಕ್ಕೋ ಒದಗಿದ ಅಪಾಯ ಮತ್ತು ಅದರ ಹಿಂದಿನ ಗುಟ್ಟು. ಮೂರನೆಯದು ಲೋಕದ ನಿಯಮಕ್ಕೆ ಸಿಗದ ಶಕ್ತಿ: ಪ್ರೇತ, ಪುನರ್ಜನ್ಮ, ಮಾಟ, ನಾಗ, ಭವಿಷ್ಯವನ್ನು ಕಾಣುವ ಕಣ್ಣು. ಮೂರರಲ್ಲಿ ಒಂದು ಇಲ್ಲವಾದರೂ ಕೃತಿ ಬೇರೆ ಜಾತಿಗೆ ಸೇರುತ್ತದೆ. ಪ್ರೇಮವಿಲ್ಲದಿದ್ದರೆ ಅದು ಬರಿಯ ದೆವ್ವದ ಕಥೆ, ಅಲೌಕಿಕವಿಲ್ಲದಿದ್ದರೆ ಪತ್ತೇದಾರಿ, ಗುಟ್ಟಿಲ್ಲದಿದ್ದರೆ ಸಾಂಸಾರಿಕ ಕಾದಂಬರಿ.

ಪಶ್ಚಿಮದಲ್ಲಿ ಈ ಪರಂಪರೆಯನ್ನು ಹೊರೇಸ್ ವಾಲ್‌ಪೋಲ್ 1764ರಲ್ಲಿ ಪ್ರಕಟಿಸಿದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ದಿಂದ ಗುರುತಿಸುವುದು ವಾಡಿಕೆ. ಅಲ್ಲಿ ಪವಾಡ ಪವಾಡವಾಗಿಯೇ ಉಳಿಯುತ್ತದೆ. 1794ರಲ್ಲಿ ‘ದಿ ಮಿಸ್ಟರೀಸ್ ಆಫ್ ಯುಡಾಲ್ಫೊ’ ಬರೆದ ಆ್ಯನ್ ರ‍್ಯಾಡ್‌ಕ್ಲಿಫ್ ಬೇರೆ ಹಾದಿ ಹಿಡಿದರು. ಓದುಗರನ್ನು ಹೆದರಿಸಿ, ಕೊನೆಯಲ್ಲಿ ಪ್ರತಿಯೊಂದಕ್ಕೂ ಲೌಕಿಕ ಕಾರಣ ಕೊಡುವುದು ಅವರ ಕ್ರಮ. 1938ರಲ್ಲಿ ಬಂದ ಡ್ಯಾಫ್ನೆ ದು ಮೊರಿಯೆ ಅವರ ‘ರೆಬೆಕಾ’ದಲ್ಲಿ ದೆವ್ವವೇ ಇಲ್ಲ, ಆದರೂ ತೀರಿಕೊಂಡ ಮೊದಲ ಹೆಂಡತಿಯ ನೆನಪು ಇಡೀ ಮನೆಯನ್ನು ಆಳುತ್ತದೆ. 2005ರಲ್ಲಿ ಸ್ಟೆಫನಿ ಮೆಯರ್ ಅವರ ‘ಟ್ವೈಲೈಟ್’ ರಕ್ತ ಹೀರುವ ವ್ಯಾಂಪೈರನ್ನೇ ಹರೆಯದ ಹುಡುಗಿಯ ಪ್ರಿಯಕರನನ್ನಾಗಿ ಮಾಡಿ ಜಗತ್ತಿನಾದ್ಯಂತ ಓದುಗರನ್ನು ಗಳಿಸಿತು. ಕನ್ನಡದಲ್ಲಿಯೂ ಈ ಎಲ್ಲ ಹಾದಿಗಳ ಮಾದರಿಗಳು ಸಿಗುತ್ತವೆ.

ಹಳೆಗನ್ನಡದಿಂದಲೇ ಆರಂಭ

ಹನ್ನೆರಡನೇ ಶತಮಾನದ ನೇಮಿಚಂದ್ರನ ‘ಲೀಲಾವತಿ ಪ್ರಬಂಧ’ದಲ್ಲಿ ರಾಜಕುಮಾರ ಕಂದರ್ಪ ಕನಸಿನಲ್ಲಿ ಕಂಡ ಹುಡುಗಿಯನ್ನು ಹುಡುಕುತ್ತ ಗೆಳೆಯನೊಡನೆ ಹೊರಡುತ್ತಾನೆ. ಅವಳಿಗೂ ಅವನು ಕನಸಿನಲ್ಲಿಯೇ ಪರಿಚಿತ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯ ಒಳಗೆ ಇಂದಿನ ರೋಚಕ ಕಾದಂಬರಿಯ ಸಾಮಗ್ರಿಯೆಲ್ಲ ಇದೆ. ರಾತ್ರಿಯಲ್ಲಿ ಮಾವುತನ ಹಾಡು ಕೇಳಿ ಮನಸೋತ ರಾಣಿ ಅಮೃತಮತಿ, ಅವಳನ್ನು ಹಿಂಬಾಲಿಸಿದ ಅರಸ, ವಿಷಪ್ರಾಶನ, ಅನಂತರ ಜನ್ಮದಿಂದ ಜನ್ಮಕ್ಕೆ ಅಟ್ಟಿಸಿಕೊಂಡು ಬರುವ ಕರ್ಮ.

ಮನ್ನಾಏಖೇಳ್ಳಿಗೆ ಹತ್ತಿರದ ಬಸವಕಲ್ಯಾಣಕ್ಕೂ ಇಂತಹ ಒಂದು ಕಥೆಯ ನಂಟಿದೆ. ಶರಣರ ಅನುಭವ ಮಂಟಪದ ಅಧ್ಯಕ್ಷನೆಂದು ಪರಂಪರೆ ಗೌರವಿಸುವ ಅಲ್ಲಮಪ್ರಭುವಿನ ಪೂರ್ವಾಶ್ರಮವನ್ನು ಹರಿಹರ ಕವಿ ತನ್ನ ರಗಳೆಯಲ್ಲಿ ಪ್ರೇಮದುರಂತವಾಗಿ ಹೇಳುತ್ತಾನೆ. ಮದ್ದಳೆ ಬಾರಿಸುವ ಅಲ್ಲಮ ಕಾಮಲತೆಯನ್ನು ಪ್ರೀತಿಸುತ್ತಾನೆ, ಅವಳು ಜ್ವರದಿಂದ ತೀರಿಕೊಳ್ಳುತ್ತಾಳೆ. ಹುಚ್ಚನಂತೆ ಅಲೆಯುವ ಅವನಿಗೆ ನೆಲದಲ್ಲಿ ಹೂತುಹೋದ ಗುಡಿಯೊಂದರ ಕಳಸ ಕಾಣಿಸುತ್ತದೆ. ಅಗೆದು ಒಳಹೊಕ್ಕಾಗ ಅನಿಮಿಷನೆಂಬ ಯೋಗಿ ಎದುರಾಗುತ್ತಾನೆ. ಪ್ರೇಮ, ಸಾವು, ಮುಚ್ಚಿದ ಬಾಗಿಲಿನ ಆಚೆಗಿನ ಗುಟ್ಟು, ಮೂರೂ ಇಲ್ಲಿವೆ. ಗಮನಿಸಬೇಕಾದ ಸಂಗತಿ ಎಂದರೆ ಶಕುನ, ಕ್ಷುದ್ರದೈವಗಳ ಭಯವನ್ನು ಪ್ರಶ್ನಿಸಿದ ಚಳವಳಿ ಹುಟ್ಟಿದ್ದೂ ಇದೇ ಕಲ್ಯಾಣದಲ್ಲಿ. ಅಲೌಕಿಕ ಕಥೆಯನ್ನು ಸವಿಯುವುದೂ ಮೌಢ್ಯವನ್ನು ತಿರಸ್ಕರಿಸುವುದೂ ಈ ನೆಲದಲ್ಲಿ ಜೊತೆಯಾಗಿಯೇ ಬಂದಿವೆ.

ವಾರಪತ್ರಿಕೆ, ಲೈಬ್ರರಿ ಮತ್ತು ‘ತುಳಸಿದಳ’

ಹೊಸಗನ್ನಡದ ಜನಪ್ರಿಯ ಓದು ಎರಡು ಕವಲುಗಳಲ್ಲಿ ಬೆಳೆಯಿತು. ಒಂದು ಪತ್ತೇದಾರಿ. ಪತ್ತೇದಾರ ಪುರುಷೋತ್ತಮ ಎಂಬ ಪಾತ್ರವನ್ನು ಸೃಷ್ಟಿಸಿ 500ಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯ ಅವರು ಓದುವ ಅಭ್ಯಾಸವೇ ಇಲ್ಲದವರ ಕೈಗೂ ಪುಸ್ತಕ ಕೊಟ್ಟರು. ಇನ್ನೊಂದು ಲೇಖಕಿಯರ ಸಾಂಸಾರಿಕ ಕಾದಂಬರಿ. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ಸಾಯಿಸುತೆ ಮೊದಲಾದವರ ಕೃತಿಗಳು ಬಾಡಿಗೆ ಲೈಬ್ರರಿಗಳಿಂದ ಮನೆಮನೆಗೆ ಹೋದವು. 1965ರಲ್ಲಿ ಆರಂಭವಾದ ‘ಸುಧಾ’, 1983ರಲ್ಲಿ ಬಂದ ‘ತರಂಗ’ದಂತಹ ವಾರಪತ್ರಿಕೆಗಳ ಧಾರಾವಾಹಿಗಳು ಓದುಗರನ್ನು ಒಂದು ವಾರದಿಂದ ಇನ್ನೊಂದು ವಾರಕ್ಕೆ ಕಾಯುವಂತೆ ಮಾಡಿದವು.

ಎರಡೂ ಕವಲುಗಳು ಕೂಡಿದ ಸ್ಥಳದಲ್ಲಿ ಅಲೌಕಿಕ ರಹಸ್ಯಕ್ಕೆ ಎಡೆ ದೊರೆಯಿತು. ಅದಕ್ಕೆ ದೊಡ್ಡ ನೂಕು ಕೊಟ್ಟದ್ದು ತೆಲುಗಿನ ಯಂಡಮೂರಿ ವೀರೇಂದ್ರನಾಥ್. ಅವರ ‘ತುಳಸಿದಳಂ’ 1980ರ ದಶಕದಲ್ಲಿ ‘ತುಳಸಿದಳ’ವಾಗಿ ಕನ್ನಡಕ್ಕೆ ಬಂದು ಸಂಚಲನ ಉಂಟುಮಾಡಿತು. ಶ್ರೀಧರ, ಶಾರದಾ ದಂಪತಿಯ ಪುಟ್ಟ ಮಗಳು ತುಳಸಿಯ ಮೇಲೆ ನಡೆಯುವ ಮಾಟ ಕಥೆಯ ಕೇಂದ್ರ. ಅದರ ಹಿಂದಿರುವುದು ಹಣದ ಆಸೆ. ಮಗುವನ್ನು ಉಳಿಸಲು ಒಂದು ಕಡೆ ವೈದ್ಯರು, ಇನ್ನೊಂದು ಕಡೆ ಮಂತ್ರದ ದಾರಿ ಹಿಡಿದವರು ಹೋರಾಡುತ್ತಾರೆ. 1985ರಲ್ಲಿ ಅದೇ ಹೆಸರಿನ ಕನ್ನಡ ಚಲನಚಿತ್ರವೂ ತೆರೆ ಕಂಡಿತು. ಅನಂತರದ ವರ್ಷಗಳಲ್ಲಿ ಯಂಡಮೂರಿ ಅವರ ಹೆಸರು ಕನ್ನಡ ಪುಸ್ತಕದಂಗಡಿಗಳಲ್ಲಿ ಕನ್ನಡದ್ದೇ ಎಂಬಷ್ಟು ಪರಿಚಿತವಾಯಿತು.

ಕನ್ನಡದಲ್ಲಿಯೇ ಹುಟ್ಟಿದ ಕೃತಿಗಳಲ್ಲಿ ರವಿ ಬೆಳಗೆರೆ ಅವರ ‘ಮಾಟಗಾತಿ’ ಮತ್ತು ‘ಸರ್ಪ ಸಂಬಂಧ’ವನ್ನು ಹೆಸರಿಸಬೇಕು. ಅಪರಾಧ ವರದಿಗಾರಿಕೆಯ ಚುರುಕು ಗದ್ಯವನ್ನು ವಾಮಾಚಾರದ ಕತ್ತಲ ಲೋಕಕ್ಕೆ ಒಯ್ದ ಈ ಕಾದಂಬರಿಗಳು ತರುಣ ಓದುಗರನ್ನು ಸೆಳೆದವು. 2020ರಲ್ಲಿ ನಿಧನರಾದ ಬೆಳಗೆರೆ ‘ಹೇಳಿ ಹೋಗು ಕಾರಣ’ದಂತಹ ಪ್ರೇಮ ಕಾದಂಬರಿಯನ್ನೂ ಬರೆದವರು.

ಗಂಭೀರ ಸಾಹಿತ್ಯದಲ್ಲಿಯೂ ಅದೇ ನೆರಳು

ಇಂತಹ ವಸ್ತು ಕೇವಲ ರೈಲು ನಿಲ್ದಾಣದ ಪುಸ್ತಕಗಳಿಗೆ ಮೀಸಲು ಎಂಬ ಭಾವನೆ ಸರಿಯಲ್ಲ. 1968ರಲ್ಲಿ ಪ್ರಕಟವಾದ ಎರಡು ಪ್ರಸಿದ್ಧ ಕಾದಂಬರಿಗಳು ಅಲೌಕಿಕವನ್ನೇ ಆಧರಿಸಿವೆ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕೃತಿಯ ಅಜ್ಜಿ ಬಾಲವಿಧವೆ. ವಸ್ತುವೊಂದನ್ನು ಮುಟ್ಟಿದರೆ ಅದರ ಹಿಂದಿನ ಕಾಲ ಅವಳ ಕಣ್ಣಿಗೆ ಕಟ್ಟುತ್ತದೆ. ಎಸ್.ಎಲ್. ಭೈರಪ್ಪನವರ ‘ನಾಯಿ ನೆರಳು’ ಕಾದಂಬರಿಯಲ್ಲಿ ಹುಡುಗನೊಬ್ಬ ತಾನು ಹಿಂದಿನ ಜನ್ಮದಲ್ಲಿ ಬೇರೊಬ್ಬನಾಗಿದ್ದೆ ಎನ್ನುತ್ತಾನೆ. ಹಾಗೆ ತೀರಿಕೊಂಡವನ ವಿಧವೆ ಅಷ್ಟರಲ್ಲಿ ಈ ಹುಡುಗನಿಗಿಂತ ಬಹಳ ಹಿರಿಯಳು. ತನ್ನ ಗಂಡನೇ ಮರಳಿ ಬಂದನೆಂದು ಅವಳು ಅವನನ್ನು ಸ್ವೀಕರಿಸುತ್ತಾಳೆ. ಗಿರೀಶ ಕಾಸರವಳ್ಳಿ 2006ರಲ್ಲಿ ಇದನ್ನು ಚಲನಚಿತ್ರವಾಗಿಸಿದಾಗ ಕಥೆಯ ಭಾರವನ್ನು ಪುನರ್ಜನ್ಮದ ಸತ್ಯಾಸತ್ಯತೆಗಿಂತ ಆ ಹೆಣ್ಣಿನ ಬದುಕಿನ ಮೇಲೆ ಇರಿಸಿದರು.

ಗಿರೀಶ ಕಾರ್ನಾಡರು ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ 1988ರಲ್ಲಿ ಹೊರತಂದ ‘ನಾಗಮಂಡಲ’ ನಾಟಕದಲ್ಲಿ ಗಂಡ ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿ ಬೀಗ ಹಾಕಿ ಹೋಗುತ್ತಾನೆ. ರಾತ್ರಿ ನಾಗರಹಾವೊಂದು ಗಂಡನ ರೂಪ ಧರಿಸಿ ಬಂದು ಅವಳಿಗೆ ಪ್ರೀತಿ ತೋರಿಸುತ್ತದೆ. ಹಗಲಿನ ಗಂಡ ಒಬ್ಬ, ರಾತ್ರಿಯ ಗಂಡ ಇನ್ನೊಬ್ಬ. ಗರ್ಭಿಣಿಯಾದ ಅವಳು ಪಂಚರ ಮುಂದೆ ಹುತ್ತಕ್ಕೆ ಕೈಹಾಕಿ ಆಣೆ ಮಾಡಬೇಕಾಗುತ್ತದೆ. 1997ರಲ್ಲಿ ಟಿ.ಎಸ್. ನಾಗಾಭರಣ ಇದನ್ನು ತೆರೆಗೆ ತಂದರು. ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ ನಾಟಕವೂ ನಾಗನ ಜನಪದ ಕಥೆಯಿಂದಲೇ ಬೆಳೆದದ್ದು. ಅದಕ್ಕೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಆಕರ್ಷಣೆಯ ಗುಟ್ಟೇನು?

ಈ ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಅಂಶ ಎದ್ದು ಕಾಣುತ್ತದೆ. ಮನೆಯಲ್ಲಿ ನೇರವಾಗಿ ಹೇಳಲಾಗದ ಮಾತನ್ನು ಅಲೌಕಿಕ ಶಕ್ತಿ ಹೇಳಿಸುತ್ತದೆ. ವಿಧವೆಗೆ ಮತ್ತೆ ಸಂಸಾರದ ಆಸೆ ಇದೆ ಎನ್ನಲು ಊರು ಒಪ್ಪದು. ಗಂಡನೇ ಮರುಹುಟ್ಟು ಪಡೆದು ಬಂದರೆ ಊರು ಬಾಯಿ ಕಟ್ಟಿಕೊಳ್ಳಬೇಕಾಗುತ್ತದೆ. ಹೆಂಡತಿಗೆ ಗಂಡನ ಪ್ರೀತಿ ಸಿಕ್ಕಿಲ್ಲ ಎನ್ನುವುದು ಅಪಚಾರ. ನಾಗರಾಜನೇ ಆ ಪ್ರೀತಿ ಕೊಟ್ಟರೆ ಅವಳು ದೇವಿಯಾಗುತ್ತಾಳೆ. ಬಾಲವಿಧವೆಯಾದ ಮುದುಕಿ ಗಂಡು-ಹೆಣ್ಣಿನ ಸಂಬಂಧದ ಬಗ್ಗೆ, ದೇವರ ಬಗ್ಗೆ ಬಿಚ್ಚುಮಾತು ಆಡಿದರೆ ಯಾರೂ ಕೇಳರು. ಅವಳಿಗೆ ಕಾಣ್ಕೆ ಇದೆ ಎಂದಾಗ ಮೊಮ್ಮಗ ಕುಳಿತು ಆಲಿಸುತ್ತಾನೆ. ಪ್ರೇತವೋ ನಾಗವೋ ಇಲ್ಲಿ ಮುಖವಾಡ; ಅದರ ಹಿಂದಿನ ದನಿ ಬದುಕಿರುವ ಹೆಣ್ಣಿನದು.

ಎರಡನೆಯ ಕಾರಣ ಮದುವೆಯ ಸ್ವರೂಪದಲ್ಲಿದೆ. ಪಾಶ್ಚಾತ್ಯ ಕಾದಂಬರಿಕಾರರು ನಾಯಕಿಯನ್ನು ಹೆದರಿಸಲು ಪಾಳುಬಿದ್ದ ಕೋಟೆಗೆ ಕಳುಹಿಸಬೇಕಾಯಿತು. ನಮ್ಮಲ್ಲಿ ಅದಕ್ಕೆ ಗಂಡನ ಮನೆ ಸಾಕು. ಹಿರಿಯರು ಗೊತ್ತುಮಾಡಿದ ಮದುವೆಯಾಗಿ, ಎರಡು ಬಾರಿ ಮಾತ್ರ ಮಾತಾಡಿಸಿದ ವ್ಯಕ್ತಿಯೊಡನೆ, ಹಿಂದೆ ಕಾಣದ ಮನೆಗೆ ಕಾಲಿಡುವ ಹುಡುಗಿಗೆ ಆ ಮನೆಯ ಇತಿಹಾಸ ತಿಳಿಯದು. ಯಾವ ಕೋಣೆಯ ವಿಷಯ ಎತ್ತಬಾರದು, ಗೋಡೆಯ ಮೇಲಿನ ಯಾವ ಫೋಟೋದ ಬಗ್ಗೆ ಕೇಳಬಾರದು ಎಂಬುದನ್ನು ಅವಳು ಒಂದೊಂದಾಗಿ ಕಲಿಯುತ್ತಾಳೆ. ಗಂಡ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯೇ ಅವಳ ಬದುಕಿನ ಮೊದಲ ರಹಸ್ಯ. ಅಲೌಕಿಕ ಕಾದಂಬರಿ ಆ ಸಹಜ ಆತಂಕಕ್ಕೆ ಒಂದು ರೂಪ ಕೊಟ್ಟು, ಮುನ್ನೂರು ಪುಟಗಳಲ್ಲಿ ಬಗೆಹರಿಸಿ ಕೊಡುತ್ತದೆ.

ಮೂರನೆಯದು ಎರಡು ವಿವರಣೆಗಳ ಆಟ. ನಡೆದದ್ದು ದೆವ್ವದ ಕೆಲಸವೋ ಮನಸ್ಸಿನ ಕಾಯಿಲೆಯೋ ಮನುಷ್ಯನ ಕುತಂತ್ರವೋ ಎಂಬುದನ್ನು ಲೇಖಕರು ಕೊನೆಯವರೆಗೆ ತೂಗುಯ್ಯಾಲೆಯಲ್ಲಿ ಇರಿಸುತ್ತಾರೆ. ಓದುಗರು ತಾವೂ ಪತ್ತೇದಾರರಾಗುತ್ತಾರೆ. ವಿಜ್ಞಾನ ಓದಿದವರು ವೈದ್ಯರ ಪಕ್ಷ, ಅಜ್ಜಿಯ ಕಥೆ ಕೇಳಿ ಬೆಳೆದವರು ಮಂತ್ರದ ಪಕ್ಷ ವಹಿಸಬಹುದು. ಬಹುಪಾಲು ಓದುಗರ ಒಳಗೆ ಇಬ್ಬರೂ ಇರುತ್ತಾರೆ ಎಂಬುದೇ ಇದರ ಬಂಡವಾಳ.

ಭಯದ ಸುಖವನ್ನೂ ಮರೆಯುವಂತಿಲ್ಲ. ಹೆದರಿಕೆಯಾದಾಗ ಎದೆಬಡಿತ ಏರುತ್ತದೆ, ಮೈ ನವಿರೇಳುತ್ತದೆ. ಅಪಾಯ ಕಾಗದದ ಮೇಲಷ್ಟೇ ಇದೆ ಎಂಬ ಅರಿವು ಇರುವುದರಿಂದ ಅದೇ ಉದ್ರೇಕ ಸುಖವಾಗಿ ಪರಿಣಮಿಸುತ್ತದೆ. ಪುಸ್ತಕವನ್ನು ಯಾವಾಗ ಬೇಕಾದರೂ ಮುಚ್ಚಬಹುದು ಎಂಬ ಅಧಿಕಾರ ಓದುಗರ ಕೈಯಲ್ಲಿದೆ.

ತೆರೆಯ ಮೇಲಿನ ಮೂರು ಉತ್ತರಗಳು

ಹಿಂದಿಯಲ್ಲಿ 1949ರ ‘ಮಹಲ್’, 1958ರ ‘ಮಧುಮತಿ’ ಚಿತ್ರಗಳು ಪುನರ್ಜನ್ಮದ ಪ್ರೇಮವನ್ನು ದೇಶದ ಮನೆಮಾತಾಗಿಸಿದವು. ಕನ್ನಡ ಚಿತ್ರರಂಗ ಕಾಲಕಾಲಕ್ಕೆ ಕೊಟ್ಟ ಉತ್ತರಗಳಲ್ಲಿ ಸಮಾಜದ ಬದಲಾವಣೆಯನ್ನೂ ಕಾಣಬಹುದು.

1979ರಲ್ಲಿ ಅನಂತನಾಗ್, ಲಕ್ಷ್ಮಿ ನಟಿಸಿದ ‘ನಾ ನಿನ್ನ ಬಿಡಲಾರೆ’ಯಲ್ಲಿ ಪ್ರೇತದ ಹಿಡಿತಕ್ಕೆ ಸಿಕ್ಕಿದವನು ಗಂಡ, ಅವನನ್ನು ಬಿಡಿಸಿಕೊಳ್ಳುವವಳು ಹೆಂಡತಿ. ಉತ್ತರ ಸಿಗುವುದು ರಾಘವೇಂದ್ರ ಸ್ವಾಮಿಗಳ ಮೇಲಿನ ಭಕ್ತಿಯಲ್ಲಿ. 2004ರ ‘ಆಪ್ತಮಿತ್ರ’ದಲ್ಲಿ ಉತ್ತರ ಕೊಡುವವರು ಮನೋವೈದ್ಯರು. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ ಮೂಲದ ಈ ಕಥೆಯಲ್ಲಿ ಹಳೆಯ ಅರಮನೆ, ಬೀಗ ಹಾಕಿದ ಕೋಣೆ, ನರ್ತಕಿ ನಾಗವಲ್ಲಿಯ ಸೇಡು ಎಲ್ಲವೂ ಇವೆ. ಆದರೆ ಗಂಗಾಳನ್ನು ಕಾಡುತ್ತಿರುವುದು ಅವಳದೇ ಮನಸ್ಸಿನ ಇನ್ನೊಂದು ಭಾಗ. ಆ ಪಾತ್ರ ಮಾಡಿದ ಸೌಂದರ್ಯ ಚಿತ್ರ ಬಿಡುಗಡೆಯಾಗುವ ಮುನ್ನವೇ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದು ಪ್ರೇಕ್ಷಕರ ನೆನಪಿನಲ್ಲಿ ಉಳಿದಿದೆ. 2015ರಲ್ಲಿ ಅನೂಪ್ ಭಂಡಾರಿ ನಿರ್ದೇಶಿಸಿದ ‘ರಂಗಿತರಂಗ’ದಲ್ಲಿ ಕಾದಂಬರಿಕಾರನೊಬ್ಬ ಗರ್ಭಿಣಿ ಹೆಂಡತಿಯೊಡನೆ ಅವಳ ಹಿರಿಯರ ಮನೆಗೆ ಬರುತ್ತಾನೆ. ಊರೆಲ್ಲ ಬ್ರಹ್ಮರಾಕ್ಷಸನ ಮಾತು; ಕೊನೆಗೆ ಬೆರಳು ತೋರುವುದು ಮನುಷ್ಯನತ್ತ. ಹೀಗೆ ದೇವರು, ವೈದ್ಯ, ಅಪರಾಧಿ ಎಂಬ ಮೂರು ಉತ್ತರಗಳೂ ಕನ್ನಡಿಗರಿಗೆ ಒಪ್ಪಿಗೆಯಾಗಿವೆ.

2025ರಲ್ಲಿ ಬಂದ ‘ಸು ಫ್ರಮ್ ಸೋ’ ಇದನ್ನೇ ನಗೆಯ ಕಡೆಗೆ ತಿರುಗಿಸಿತು. ತರುಣನೊಬ್ಬನ ಮೈಮೇಲೆ ಸುಲೋಚನಾ ಎಂಬ ಹೆಂಗಸಿನ ದೆವ್ವ ಬಂದಿದೆಯೆಂದು ಊರು ನಂಬುವುದು ಅದರ ವಸ್ತು. ಯಾರದೋ ಹೆಸರನ್ನು ದೆವ್ವಕ್ಕೆ ಇಟ್ಟಾಗ ಆ ಹೆಸರಿನ ಹಿಂದೆ ಒಂದು ನಿಜವಾದ ಬಾಳು ಇರುತ್ತದೆ ಎಂಬುದನ್ನು ಅದು ನಗಿಸುತ್ತಲೇ ನೆನಪಿಸಿತು.

ಕಾದಂಬರಿಯ ಮಾಟ, ಊರಿನ ಬಾನಾಮತಿ

ನಗೆ ನಿಲ್ಲುವುದು ಇಲ್ಲಿಯೇ. ಬೀದರ್, ಕಲಬುರಗಿ ಜಿಲ್ಲೆಗಳಲ್ಲಿ, ಗಡಿಯಾಚೆಯ ತೆಲಂಗಾಣ ಹಾಗೂ ಮರಾಠವಾಡದಲ್ಲಿ ಬಾನಾಮತಿಯ ನಂಬಿಕೆ ಹಳೆಯದು. ಮನೆಯ ಮೇಲೆ ಕಲ್ಲು ಬೀಳುವುದು, ಒಣಹಾಕಿದ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತುವುದು, ಹೆಂಗಸರು ಮೈಮರೆತು ನಾಯಿಯಂತೆ ಬೊಗಳುವುದು ಇದರ ಲಕ್ಷಣಗಳೆಂದು ಜನ ಹೇಳುತ್ತಾರೆ. ಇಂತಹ ಸುದ್ದಿ ಹಬ್ಬಿದಾಗ ಮುಂದಿನ ಪ್ರಶ್ನೆ ‘ಮಾಡಿಸಿದವರು ಯಾರು?’ ಎಂಬುದು. ಬೆರಳು ಹೋಗುವುದು ಸಾಮಾನ್ಯವಾಗಿ ಒಂಟಿ ಮುದುಕಿಯತ್ತ, ವಿಧವೆಯತ್ತ, ಜಮೀನಿನ ತಂಟೆ ಇರುವ ನೆರೆಯವರತ್ತ, ಊರಿನ ದುರ್ಬಲರತ್ತ. ಆರೋಪ ಹೊತ್ತವರನ್ನು ಥಳಿಸಿದ, ಮಂತ್ರ ಹೇಳಬಾರದೆಂದು ಅವರ ಹಲ್ಲು ಕಿತ್ತ ಘಟನೆಗಳು ಗಡಿಯ ಎರಡೂ ಬದಿಯಲ್ಲಿ ವರದಿಯಾಗಿವೆ.

ಮೈಮರೆತು ಕೂಗಾಡುವವರಲ್ಲಿ ಹಲವರು ಸಹಿಸಲಾಗದ ಒತ್ತಡದಲ್ಲಿ ಇರುತ್ತಾರೆ ಎಂಬುದು ಮನೋವೈದ್ಯರ ವಿವರಣೆ. ಬಾಯಿಬಿಟ್ಟು ಹೇಳಲಾಗದ ಸಂಕಟ ದೇಹದ ಮೂಲಕ ಹೊರಬರುತ್ತದೆ. ಅವರು ನಟಿಸುತ್ತಿರುವುದಿಲ್ಲ, ಅವರ ಮೇಲೆ ಯಾವ ಪ್ರೇತವೂ ಇರುವುದಿಲ್ಲ. ಕಾದಂಬರಿಯ ನಾಯಕಿಗೂ ಇವರಿಗೂ ಇರುವ ಸಾಮ್ಯ ಇದು: ಇಬ್ಬರಿಗೂ ಮಾತಾಡಲು ಇನ್ನೊಂದು ದನಿ ಬೇಕಾಗಿದೆ. ವ್ಯತ್ಯಾಸವೆಂದರೆ ಕಾದಂಬರಿಯಲ್ಲಿ ಆ ದನಿಯನ್ನು ಓದುಗರು ಕೇಳಿಸಿಕೊಳ್ಳುತ್ತಾರೆ; ಊರಿನಲ್ಲಿ ಅದನ್ನು ಬೇವಿನ ಬರಲಿನಿಂದ ಹೊಡೆದು ಅಡಗಿಸಲಾಗುತ್ತದೆ.

ಹೆಣ್ಣಿನ ಮಾನಸಿಕ ಅಸ್ವಸ್ಥತೆಯನ್ನು ಯಾವ ದೆವ್ವದ ನೆರವೂ ಇಲ್ಲದೆ ಚಿತ್ರಿಸಿದ ಶ್ರೇಯಸ್ಸು ತ್ರಿವೇಣಿ ಅವರದು. ಅವರ ‘ಶರಪಂಜರ’ದ ಕಾವೇರಿ ಹೆರಿಗೆಯ ಅನಂತರ ಮನಸ್ಸಿನ ಸಮತೋಲ ಕಳೆದುಕೊಂಡು, ಚಿಕಿತ್ಸೆಯಿಂದ ಗುಣ ಹೊಂದಿ ಮನೆಗೆ ಮರಳುತ್ತಾಳೆ. ಮತ್ತೆ ಅವಳನ್ನು ಮುರಿಯುವುದು ಕಾಯಿಲೆಗಿಂತ ಹೆಚ್ಚಾಗಿ ಮನೆಯವರ, ನೆರೆಹೊರೆಯವರ ಅನುಮಾನದ ನೋಟ. ಪುಟ್ಟಣ್ಣ ಕಣಗಾಲ್ ನಿರ್ದೇಶನದಲ್ಲಿ ಕಲ್ಪನಾ ಅಭಿನಯಿಸಿದ ಚಿತ್ರದಿಂದ ಈ ಕಥೆ ಓದು ಬಾರದವರನ್ನೂ ತಲುಪಿತು.

ಟೀಕೆ ಮತ್ತು ಕಾನೂನು

ಅಲೌಕಿಕ ಕಾದಂಬರಿಗಳಿಂದ ಮೌಢ್ಯಕ್ಕೆ ಕುಮ್ಮಕ್ಕು ಸಿಗುತ್ತದೆ ಎಂಬ ಟೀಕೆ ಹೊಸತಲ್ಲ. ‘ತುಳಸಿದಳಂ’ ಅನ್ನು ಖಂಡಿಸಿ ತೆಲುಗಿನ ಲೇಖಕಿ ರಂಗನಾಯಕಮ್ಮ ಒಂದು ಪುಸ್ತಕವನ್ನೇ ಬರೆದರು. ಮಾಟಕ್ಕೆ ಜೀವ ತೆಗೆಯುವ ಶಕ್ತಿ ಇದೆ ಎಂದು ಜನಪ್ರಿಯ ಕೃತಿಯೊಂದು ತೋರಿಸಿದರೆ, ಅದನ್ನು ಓದಿದವರು ನೆರೆಮನೆಯವರನ್ನು ಶಂಕಿಸುವುದಿಲ್ಲವೇ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಕರ್ನಾಟಕದಲ್ಲಿ ಪವಾಡಗಳನ್ನು ಪರೀಕ್ಷೆಗೆ ಒಡ್ಡುವ ಪರಂಪರೆಗೂ ಗಟ್ಟಿ ಬುನಾದಿ ಇದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿಯನ್ನೇ ರಚಿಸಿದ್ದರು.

ನೆರೆಯ ಮಹಾರ಼ಾಷ್ಟ್ರದಲ್ಲಿ ನರೇಂದ್ರ ದಾಭೋಲ್ಕರ್ ಅವರ ಹತ್ಯೆಯ ಬೆನ್ನಿಗೆ 2013ರಲ್ಲಿ ವಾಮಾಚಾರ ವಿರೋಧಿ ಕಾನೂನು ಬಂದಿತು. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದಿತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ನಿಧಿಯ ಆಸೆಗೆ ವಾಮಾಚಾರ ನಡೆಸುವುದು ಮುಂತಾದ ಕೃತ್ಯಗಳು ಇದರಡಿ ಅಪರಾಧ. ಒಂದರಿಂದ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಕಾದಂಬರಿ ಬರೆಯುವುದಕ್ಕೋ ಓದುವುದಕ್ಕೋ ಈ ಕಾಯ್ದೆಯ ಅಡ್ಡಿ ಇಲ್ಲ. ಆ ಹೊಣೆಯನ್ನು ಕಾನೂನು ಲೇಖಕರ ಮತ್ತು ಓದುಗರ ವಿವೇಕಕ್ಕೇ ಬಿಟ್ಟಿದೆ.

ಒಳ್ಳೆಯ ಕೃತಿಯನ್ನು ಗುರುತಿಸುವ ಬಗೆ

ಹಾಗಾದರೆ ಓದುಗರು ಯಾವ ಒರೆಗಲ್ಲು ಬಳಸಬೇಕು? ಮೇಲಿನ ಕೃತಿಗಳ ಅನುಭವದಿಂದ ಮೂರು ಪ್ರಶ್ನೆಗಳು ಹೊರಡುತ್ತವೆ. ಮೊದಲನೆಯದು, ಕಥೆ ಯಾರ ಮೇಲೆ ತಪ್ಪು ಹೊರಿಸುತ್ತದೆ? ಕಾಡಿನ ಜನ, ಒಂಟಿ ಹೆಂಗಸು, ಕೆಳಜಾತಿಯ ಮುದುಕಿ ಇವರನ್ನೇ ಮತ್ತೆ ಮತ್ತೆ ಮಾಟಗಾರರನ್ನಾಗಿ ಮಾಡುವ ಕೃತಿ ಊರಿನ ಹಳೆಯ ಆರೋಪವನ್ನೇ ಮುದ್ರಿಸಿ ಕೊಡುತ್ತದೆ. ಎರಡನೆಯದು, ಕಥೆ ಯಾರಿಗೆ ಮಾತು ಕೊಡುತ್ತದೆ? ಪ್ರೇತಕ್ಕೂ ಒಂದು ಬಾಳು, ಒಂದು ಅನ್ಯಾಯ ಇತ್ತೆಂದು ತೋರಿಸುವ ಕೃತಿ ಹೆದರಿಸಿದಷ್ಟೇ ಯೋಚನೆಗೂ ಹಚ್ಚುತ್ತದೆ. ಮೂರನೆಯದು, ವೈದ್ಯರ ಬಾಗಿಲನ್ನು ಕಥೆ ಮುಚ್ಚುತ್ತದೆಯೇ? ವಿಜ್ಞಾನವನ್ನು ಸೋಲಿಸಲೆಂದೇ ವೈದ್ಯ ಪಾತ್ರವನ್ನು ತಂದು ನಿಲ್ಲಿಸುವ ಕಾದಂಬರಿಗೂ, ಉತ್ತರವನ್ನು ಓದುಗರ ವಿವೇಚನೆಗೆ ಬಿಡುವ ಕಾದಂಬರಿಗೂ ಅಂತರವಿದೆ.

ಇಂದು ಈ ಪ್ರಕಾರ ಬಾಡಿಗೆ ಲೈಬ್ರರಿಯಿಂದ ಮೊಬೈಲಿಗೆ ಸ್ಥಳಾಂತರಗೊಂಡಿದೆ. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಪ್ರತಿಲಿಪಿ’ಯಂತಹ ವೇದಿಕೆಗಳಲ್ಲಿ ಕನ್ನಡದ ಹವ್ಯಾಸಿ ಲೇಖಕ-ಲೇಖಕಿಯರು ದೆವ್ವ, ಪುನರ್ಜನ್ಮ, ನಾಗಿಣಿ, ಪ್ರೇಮದ ಧಾರಾವಾಹಿಗಳನ್ನು ಕಂತುಕಂತಾಗಿ ಪ್ರಕಟಿಸುತ್ತಾರೆ. ವಾರಪತ್ರಿಕೆಯ ‘ಮುಂದಿನ ಸಂಚಿಕೆಗೆ’ ಎಂಬ ಹಳೆಯ ತಂತ್ರ ಅಲ್ಲಿ ಮರುಜೀವ ಪಡೆದಿದೆ. ಇನ್ನೊಂದೆಡೆ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ಅವರು ‘ಕನಕ ಮುಸುಕು’, ‘ಕರಿಸಿರಿಯಾನ’ದಂತಹ ಕಾದಂಬರಿಗಳಲ್ಲಿ ಇತಿಹಾಸ, ಶಿಲ್ಪ, ವಿಜ್ಞಾನಗಳನ್ನೇ ರಹಸ್ಯದ ಮೂಲವನ್ನಾಗಿ ಬಳಸಿ, ಮಾಟದ ಸಹಾಯವಿಲ್ಲದೆಯೂ ಓದುಗರನ್ನು ಹಿಡಿದಿಡಬಹುದೆಂದು ತೋರಿಸಿದ್ದಾರೆ.

ಬಾಣಭಟ್ಟನ ಕಾಲದಿಂದ ಬಂದ ಈ ಕಥೆಗಳು ನಾಳೆಯೂ ಇರುತ್ತವೆ. ಪುಟದ ಮೇಲಿನ ದೆವ್ವದಿಂದ ಯಾರ ಮನೆಯೂ ಹಾಳಾಗಬೇಕಿಲ್ಲ. ಆದರೆ ಮನೆಯಲ್ಲಿಯೋ ನೆರೆಯಲ್ಲಿಯೋ ಹೆಣ್ಣುಮಗಳೊಬ್ಬಳು ನಿದ್ದೆಗೆಟ್ಟು, ಮೈಮರೆತು, ಬೇರೆಯೇ ದನಿಯಲ್ಲಿ ಮಾತಾಡತೊಡಗಿದರೆ ಅದು ಕಾದಂಬರಿಯಲ್ಲ. ಅವಳನ್ನು ಕರೆದೊಯ್ಯಬೇಕಾದದ್ದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲಿಯೂ ಅಲ್ಲಿ ಮಾತಾಡಬಹುದು.